ಕಾಲುವೆಯ ಕೊನೆ ಹೊಲಕ್ಕೂ ಒಂದು ಓಟು

ಗಚ್ಚಿಬೌಲಿಯಿಂದ ಓಆರ್‌ಆರ್ ಹಿಡಿದರೆ ಹಿಮಾಯತ್‌ಸಾಗರ ದೂರ ಏನಲ್ಲ. ಅಲ್ಲಿ ವಾಲಂತರಿ ಅಂತ ಒಂದು ಸಂಸ್ಥೆ ಇದೆ, ನೀರಾವರಿ ಇಂಜಿನಿಯರುಗಳಿಗೂ ರೈತರಿಗೂ ತರಬೇತಿ ಕೊಡೋ ಜಾಗ. ರೈತರಿಗೆ ಕಾಲುವೆ ನಡೆಸೋ ತರಬೇತಿ ಯಾಕೆ ಅಂತೀರಾ?

ನಮ್ಮ ಕಡೆಯದನ್ನೇ ನೋಡಿ. ತುಂಗಭದ್ರಾ ಎಡದಂಡೆ ನಾಲೆ 227 ಕಿ.ಮೀ. ಉದ್ದ. ಕಡಿಮೆ ನೀರಲ್ಲಿ ಹೆಚ್ಚು ಹೊಲ ನೆನೆಯಲಿ, ಜೋಳ ಹತ್ತಿ ಬೆಳೆಯಲಿ ಅಂತ ಲೆಕ್ಕ ಹಾಕಿದ ಯೋಜನೆ. ಆದರೆ ಮೇಲ್ಭಾಗದಲ್ಲಿ, ಗಂಗಾವತಿ ಸುತ್ತ, ಭತ್ತ ಬಂತು. ಮಾನ್ವಿ ಮುಟ್ಟೋ ಹೊತ್ತಿಗೆ ನಾಲೆಯಲ್ಲಿ ನೀರು ಎಳೆಯಷ್ಟು. ನಾಲೆ ಉದ್ದಕ್ಕೂ ನಿಷೇಧಾಜ್ಞೆ ಹಾಕಿ ನೀರು ಕಾಯ್ದದ್ದೂ ಉಂಟು. ಪೊಲೀಸರು ಎಷ್ಟು ತೂಬು ಕಾಯ್ತಾರೆ?

1997ರಲ್ಲಿ ಅವಿಭಜಿತ ಆಂಧ್ರ ಬೇರೆ ದಾರಿ ಹಿಡಿಯಿತು. ರೈತರಿಂದ ನೀರಾವರಿ ನಿರ್ವಹಣೆಗೆ ಕಾಯ್ದೆ ಮಾಡಿ, ಅದೇ ಜೂನ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೀರು ಬಳಕೆದಾರರ ಸಂಘಗಳಿಗೆ ಚುನಾವಣೆ ನಡೆಸಿತು. ನನಗೆ ಇಷ್ಟವಾದದ್ದು ಒಂದು ಅಂಶ: ಅಚ್ಚುಕಟ್ಟಿನಲ್ಲಿ ಜಮೀನಿದ್ದವರೆಲ್ಲ ಡಿಫಾಲ್ಟ್ ಆಗಿ ಸದಸ್ಯರು. ಸಂಘದ ವ್ಯಾಪ್ತಿಯನ್ನ ವಾರ್ಡುಗಳ ಹಾಗೆ ಕ್ಷೇತ್ರಗಳಾಗಿ ಹಂಚಿದ್ದರಿಂದ ಕಾಲುವೆ ಬಾಲದವನಿಗೂ ಸಮಿತಿಯಲ್ಲಿ ಒಂದು ಕುರ್ಚಿ. ಕರ್ನಾಟಕ 2000ದಲ್ಲಿ ನೀರಾವರಿ ಕಾಯ್ದೆ ತಿದ್ದಿ ಸಹಕಾರ ಸಂಘದ ಮಾದರಿ ತಂತು. ಅಲ್ಲಿ ಷೇರು ಕಟ್ಟಿ ಸೇರಬೇಕು. ಸೇರದವನೂ ಅದೇ ತೂಬಿನ ನೀರು ಕುಡಿಸ್ತಾನೆ, ಜಗಳ ಅಲ್ಲೇ ಶುರು.

ಆಂಧ್ರದಲ್ಲೂ ಎಲ್ಲ ಸರಿಹೋಯ್ತು ಅಂತಲ್ಲ. ಸಂಘಗಳಿಗೆ ಹೂಳೆತ್ತೋ ಕಾಮಗಾರಿ ಸಿಕ್ಕಿತು, ಎಷ್ಟೋ ಕಡೆ ಅಧ್ಯಕ್ಷನೇ ಗುತ್ತಿಗೆದಾರನಂತಾದ. ಮೇಲಿನ ಗೇಟಿನ ಕೀಲಿ ಮಾತ್ರ ಇಲಾಖೆ ಹತ್ತಿರವೇ ಉಳೀತು.

ರಾಜೋಳಿಬಂಡಾ ಇದಕ್ಕೆ ಒಳ್ಳೆ ಉದಾಹರಣೆ. ಆಣೆಕಟ್ಟು ನಮ್ಮ ರಾಯಚೂರು ಜಿಲ್ಲೆಯಲ್ಲಿ. ಕರ್ನಾಟಕದ ಅಚ್ಚುಕಟ್ಟು 5,879 ಎಕರೆ, ತೆಲಂಗಾಣದ ಗದ್ವಾಲ-ಆಲಂಪುರ ಕಡೆ 87,500 ಎಕರೆ. ಆಲಂಪುರದ ಸಂಘ ತನ್ನ ಉಪಕಾಲುವೆ ಎಷ್ಟೇ ಚೊಕ್ಕ ಮಾಡಿಕೊಳ್ಳಲಿ, ಮೇಲಿಂದ ನೀರು ಬಿಡೋ ಮಾತು ಹೊಸಪೇಟೆಯ ತುಂಗಭದ್ರಾ ಮಂಡಳಿಯಲ್ಲಿ ಆಗಬೇಕು. ಎರಡೂ ಕಡೆ ರೈತರನ್ನ ಒಂದೇ ಜಮಖಾನೆ ಮೇಲೆ ಕೂರಿಸೋ ಸಂಘ ಕಾಯ್ದೆಯಲ್ಲಿಲ್ಲ.

ಹಬ್ಬಕ್ಕೆ ಊರಿಗೆ ಹೋಗ್ತೀರಲ್ಲ, ಪಹಣಿಯಲ್ಲಿ ಅಪ್ಪನದೋ ನಿಮ್ಮದೋ ಹೆಸರಿದ್ದರೆ ನಿಮ್ಮ ತೂಬಿನ ಸಂಘ ಯಾವುದು, ಕೊನೇ ಸಲ ಸಭೆ ಯಾವಾಗ ಸೇರಿತ್ತು ಅಂತ ಕೇಳಿ ನೋಡಿ.