ನೊಂದ ಮನಕ್ಕೆ ನೆರವು

ಪ್ರವಾಹವು ಕೆಲವು ದಿನಗಳಲ್ಲಿ ಇಳಿಯುತ್ತದೆ; ಭೂಕಂಪವು ಕ್ಷಣಗಳಲ್ಲಿ ನಿಲ್ಲುತ್ತದೆ. ಕುಸಿದ ಗೋಡೆಗಳನ್ನು ಮರಳಿ ಎಬ್ಬಿಸಬಹುದು. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಮನಸ್ಸು, ಬೆಳೆದ ಪೈರನ್ನು ನೀರಿಗೊಪ್ಪಿಸಿದ ರೈತನ ಮನಸ್ಸು ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ.

ವಿಪತ್ತಿನ ಮೊದಲ ದಿನಗಳಲ್ಲಿ ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಮೌನವಾಗಿ ಕುಳಿತಿರುವುದು ಸಹಜ. ಇದು ರೋಗವಲ್ಲ. ಬಹುಮಂದಿಯಲ್ಲಿ ಈ ದುಗುಡವು ಕ್ರಮೇಣ ಶಮನವಾಗುತ್ತದೆ. ಕೆಲವರಲ್ಲಿ ಮಾತ್ರ ಅದು ಖಿನ್ನತೆಯಾಗಿಯೋ ಕುಡಿತದ ಚಟವಾಗಿಯೋ ಬೇರೂರುತ್ತದೆ. ಆ ಹೊತ್ತಿಗೆ ಪರಿಹಾರ ಶಿಬಿರಗಳು ಮುಚ್ಚಿ, ನೆರವಿಗೆ ಬಂದವರು ಹಿಂದಿರುಗಿರುತ್ತಾರೆ. 2009ರ ಪ್ರವಾಹದ ಬಳಿಕ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ಹೊಸ ನೆಲೆಗೆ ಸ್ಥಳಾಂತರಗೊಂಡವು. ಹಳೆಯ ಊರನ್ನೂ ನೆರೆಹೊರೆಯನ್ನೂ ತೊರೆದ ನೋವಿಗೆ ಹೊಸ ಮನೆಯೊಂದೇ ಮದ್ದಾಗಲಾರದು.

ಹಾಗಾದರೆ ಕೊನೆಯವರೆಗೆ ಜೊತೆಗಿರುವವರು ಯಾರು? ಆ ಊರಿನವರೇ. ಈ ಮಾತಿಗೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಒಂದು ಕಾಲದಲ್ಲಿ ಅರಸೀಕೆರೆಯಂತಹ ಊರುಗಳ ಜನರಿಗೆ ಸರ್ಕಾರಿ ಮಾನಸಿಕ ಆಸ್ಪತ್ರೆಯೆಂದರೆ ದೂರದ ಬೆಂಗಳೂರು ಇಲ್ಲವೆ ಧಾರವಾಡವೇ ಆಗಿತ್ತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಹೊಸ ಪ್ರಯೋಗವೊಂದನ್ನು ಕೈಗೊಂಡಿತು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋವ್ಯಾಧಿಗಳನ್ನು ಗುರುತಿಸುವ, ಉಪಚರಿಸುವ ತರಬೇತಿಯನ್ನು ನೀಡಲಾಯಿತು. ಚಿಕಿತ್ಸೆಯು ಜನರ ಬಳಿಗೆ ಬಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿಯಾಯಿತು.

ವಿಪತ್ತುಗಳಲ್ಲಿಯೂ ಇದೇ ತತ್ತ್ವವು ನೆರವಾಯಿತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಈ ಮೂರರ ಬಳಿಕವೂ ನಿಮ್ಹಾನ್ಸ್ ತಜ್ಞರು ಸ್ಥಳೀಯ ಕಾರ್ಯಕರ್ತರನ್ನು ಸಜ್ಜುಗೊಳಿಸಿದರು. ನೊಂದವರ ಮಾತನ್ನು ತಾಳ್ಮೆಯಿಂದ ಆಲಿಸುವುದು, ಬಲವಂತವಾಗಿ ಮಾತನಾಡಿಸದಿರುವುದು, ಮಕ್ಕಳನ್ನು ಆಟಪಾಠಗಳಿಗೆ ಮರಳಿಸುವುದು, ದುಡಿಮೆಗೆ ದಾರಿ ತೋರುವುದು, ಅಗತ್ಯವಿದ್ದವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಇಂತಹ ಕಾರ್ಯಕರ್ತರ ಕೆಲಸ. ಇದು ಒಂದೆರಡು ವಾರಗಳಲ್ಲಿ ಮುಗಿಯುವ ಕಾರ್ಯವಲ್ಲ.

ನಮ್ಮ ಬಯಲುಸೀಮೆಗೆ ಒದಗುವ ಬರಗಾಲವೂ ಒಂದು ವಿಪತ್ತೇ. ಅದು ಸದ್ದಿಲ್ಲದೆ ಬಂದು, ಸಾಲದ ಚಿಂತೆಯಾಗಿ ಮನೆಯೊಳಗೆ ನೆಲೆಸುತ್ತದೆ. ಇಂತಹ ಚಿಂತೆಗೆ ಸಿಲುಕಿದವರು ಸಹಾಯ ಕೇಳಲು ನಾಚಬೇಕಾಗಿಲ್ಲ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯನ್ನು 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಪಡೆಯಬಹುದು. ನೆರೆಮನೆಯವರು ಮೌನಕ್ಕೆ ಶರಣಾದಾಗ ಅವರ ಬಾಗಿಲಿಗೆ ಹೋಗಿ ಕ್ಷೇಮವನ್ನು ವಿಚಾರಿಸುವುದು, ತಿಂಗಳುಗಳು ಕಳೆದರೂ ಅದನ್ನು ಬಿಡದಿರುವುದು ನಮ್ಮೆಲ್ಲರ ಕರ್ತವ್ಯ.