ಏಳೂವರೆ ಬಸ್ಸೂ ಎಂಬತ್ತೈದು ಪರ್ಸೆಂಟೂ

ಬೆಳಿಗ್ಗೆ ಏಳೂವರೆಗೆ ನಮ್ಮೂರ ಗೇಟಿನಲ್ಲಿ ನಿಂತರೆ ಕೈ ತಾನಾಗಿಯೇ ಮೇಲೇಳುತ್ತದೆ. ದೂರದಲ್ಲಿ ಬಸ್ಸು ಕಂಡೊಡನೆ ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ರಸ್ತೆಗಿಳಿಯುತ್ತೇವೆ. ಡ್ರೈವರಣ್ಣ ಮಾತ್ರ ‘ಹಿಂದೆ ಬರ್ತಿದೆ’ ಎಂದು ಕೈಸನ್ನೆ ಮಾಡಿ ಹೋಗೇಬಿಡುತ್ತಾರೆ. ಆಸೆಯಿಂದ ಹಿಂದೆ ನೋಡಿದರೆ ಬರುತ್ತಿರುವುದು ಎಳನೀರು ತುಂಬಿದ ಲಾರಿ!

ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಊರು ಚನ್ನಪಟ್ಟಣ, ರಾಮನಗರದ ನಡುವೆ. ಕಾಲೇಜು ಇರುವುದು ಕೆಂಗೇರಿಗಿಂತ ಸ್ವಲ್ಪ ಈಚೆಗೆ. ‘ಹಾಸ್ಟೆಲ್‌ಗೆ ಯಾಕೆ ಸುಮ್ಮನೆ ದುಡ್ಡು ಸುರೀತೀಯಪ್ಪ, ಪಾಸ್ ಮಾಡಿಸಿಕೊಂಡು ಓಡಾಡ್ತೀನಿ’ ಎಂದು ಮೊದಲ ವರ್ಷ ಅಪ್ಪನಿಗೆ ಧೈರ್ಯವಾಗಿ ಹೇಳಿದವನು ನಾನೇ. ಈಗ ಯಾರನ್ನು ಬೈಯಲಿ?

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದಾಗ ಇನ್ನು ಬೇಗ ಹೋಗಬಹುದು ಎಂದು ಖುಷಿಪಟ್ಟಿದ್ದೆ. ಆದರೆ ಆ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಅದರ ಮೇಲೆ ಓಡುವ ಬಸ್ಸು ನಮ್ಮ ಪಾಲಿಗೆ ವಿಮಾನವಿದ್ದ ಹಾಗೆ, ನೋಡಬಹುದು, ಹತ್ತುವಂತಿಲ್ಲ. ಹಳೇ ರಸ್ತೆಯಲ್ಲಿ ಬರುವ ಬಸ್ಸುಗಳೇ ನಮಗೆ ಗತಿ. ರೈಲಿಗೆ ಹೋಗೋಣವೆಂದರೆ ಸ್ಟೇಷನ್ ಮುಟ್ಟುವುದಕ್ಕೂ ಬಸ್ಸೇ ಬೇಕು.

ಇಷ್ಟರ ಮೇಲೆ ಅಟೆಂಡೆನ್ಸ್ ತಲೆನೋವು. ವಿಟಿಯು ನಿಯಮದಂತೆ ಶೇ 85ರಷ್ಟು ಹಾಜರಾತಿ ಇರಬೇಕು. ಮೊದಲ ಪೀರಿಯಡ್‌ನ ವಿಷಯದಲ್ಲಿ ನನ್ನದು ಸದಾ ಅಂಚಿನಲ್ಲೇ ತೂಗಾಡುತ್ತಿರುತ್ತದೆ. ‘ಬಸ್ ಬರಲಿಲ್ಲ ಸರ್’ ಎಂದರೆ ‘ಒಂದು ಬಸ್ ಮುಂಚೆ ಹೊರಡಬೇಕಪ್ಪಾ’ ಎನ್ನುತ್ತಾರೆ. ಆ ಮುಂಚಿನ ಬಸ್ಸೂ ನಿಲ್ಲುವುದಿಲ್ಲ ಎಂದು ಹೇಳಿದರೆ ಎದುರುತ್ತರ ಕೊಟ್ಟ ಹಾಗಾಗುತ್ತದೆ.

ಕಳೆದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ದಿನ ನಡೆದದ್ದನ್ನು ಹೇಳಲೇಬೇಕು. ಟೆಸ್ಟು ಒಂಬತ್ತೂವರೆಗೆ. ಮೊದಲ ಎರಡು ಬಸ್ಸು ನಿಲ್ಲಲಿಲ್ಲ. ಮೂರನೆಯದು ನಿಂತಿತು, ಹತ್ತಿದೆ. ‘ಎಕ್ಸ್‌ಪ್ರೆಸ್ಸು, ಪಾಸ್ ನಡೆಯಲ್ಲ, ಇಳೀರಿ’ ಎಂದರು ಕಂಡಕ್ಟರ್. ಜೇಬಿನಲ್ಲಿ ಟಿಕೆಟ್‌ಗಾಗುವಷ್ಟು ದುಡ್ಡಿರಲಿಲ್ಲ. ಇಳಿದೆ. ಎಂಟೂವರೆ ದಾಟಿದ ಮೇಲೆ ಒಂದರ ಹಿಂದೆ ಒಂದು ಮೂರು ಬಸ್ಸು ಬಂದವು. ಮೊದಲನೆಯದರ ಫುಟ್‌ಬೋರ್ಡ್‌ನಲ್ಲಿ ಒಂದು ಕಾಲಿಟ್ಟು ಹೇಗೋ ಒಳಗೆ ತೂರಿಕೊಂಡೆ.

ಸಿಟ್ಟು ನೆತ್ತಿಗೇರಿತ್ತು. ‘ದುಡ್ಡು ಕೊಟ್ಟು ಪಾಸ್ ಮಾಡಿಸಿದವರಿಗೆ ನಿಲ್ಲೋಕೂ ಜಾಗ ಇಲ್ಲ. ಎಲ್ಲಾ ಈ ಫ್ರೀ ಬಸ್ಸಿಂದ’ ಎಂದು ಪಕ್ಕದಲ್ಲಿದ್ದ ಗೆಳೆಯನಿಗೆ ಕೇಳುವಂತೆ ಅಂದೆ. ಅದು ಸೀಟಿನಲ್ಲಿದ್ದ ಅಕ್ಕನೊಬ್ಬರಿಗೂ ಕೇಳಿಸಿತು. ತೊಡೆಯ ಮೇಲೆ ಊಟದ ಬ್ಯಾಗ್, ಕುತ್ತಿಗೆಯಲ್ಲಿ ಗಾರ್ಮೆಂಟ್ಸ್‌ನ ಐಡಿ ಕಾರ್ಡ್.

‘ಸುತ್ತಾಡೋಕೆ ಹೊಂಟಿದೀವಿ ಅನ್ಕೊಂಡ್ಯಾ ತಮ್ಮಾ? ಏಳು ಗಂಟೆಯಿಂದ ಚನ್ನಪಟ್ಣದಲ್ಲಿ ಕಾದು ಹತ್ತಿದೀನಿ. ಒಂಬತ್ತಕ್ಕೆ ಗೇಟ್ ಹಾಕ್ತಾರೆ. ಇವತ್ತು ಅರ್ಧ ದಿನದ ಸಂಬ್ಳ ಹೋಯ್ತು’ ಎಂದರು. ನನಗೆ ಮಾತೇ ಹೊರಡಲಿಲ್ಲ. ಅವರೇ ಕೈ ಚಾಚಿ, ‘ಬ್ಯಾಗ್ ಕೊಡಿಲ್ಲಿ’ ಎಂದು ತೊಡೆಯ ಮೇಲಿಟ್ಟುಕೊಂಡರು. ಟೆಸ್ಟ್ ಇದೆ ಎಂದು ಗೊತ್ತಾದ ಮೇಲೆ ಬಿಡದಿಯಲ್ಲಿ ಇಳಿಯುವಾಗ ಬೇರೆ ಯಾರಿಗೂ ಬಿಡದೆ ಸೀಟು ನನಗೇ ಕೊಟ್ಟರು. ‘ಕೂತ್ಕೊಂಡು ಓದ್ಕೋ’ ಎಂದವರು ಗೇಟಿನ ಕಡೆ ಓಡುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಪುಸ್ತಕ ತೆರೆದೆ, ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಕಾಲೇಜು ತಲುಪಿದಾಗ ಹತ್ತು ದಾಟಿತ್ತು. ಒಂದು ಗಂಟೆಯ ಟೆಸ್ಟಿನಲ್ಲಿ ಸಿಕ್ಕಿದ್ದು 25 ನಿಮಿಷ. ಬರೆದದ್ದು ಅರ್ಧ ಪೇಪರು.

ಬಸ್ಸುಗಳು ಯಾಕೆ ಹೀಗೆ ಗುಂಪಾಗಿ ಬರುತ್ತವೆ ಎಂದು ಆಮೇಲೆ ಹುಡುಕಿ ಓದಿದೆ. ಲೆಕ್ಕ ಸರಳ. ಒಂದು ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿನಲ್ಲಿ ಕಾಯುವ ಜನ ಹೆಚ್ಚುತ್ತಾರೆ. ಅವರು ಹತ್ತುವಷ್ಟರಲ್ಲಿ ಇನ್ನೂ ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. 1964ರಲ್ಲೇ ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಇದನ್ನು ಗಣಿತದಲ್ಲಿ ತೋರಿಸಿದ್ದಾರೆ. ಹಿಂದಿನ ಬಸ್ಸನ್ನು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ತಡೆದು ಬಿಟ್ಟರೆ ಅಂತರ ಸರಿಹೋಗುತ್ತದೆ. ಆದರೆ ಬಸ್ಸು ಹೊರಡುವಾಗಲೇ ತುಂಬಿದ್ದರೆ ಯಾವ ಲೆಕ್ಕವೂ ನಡೆಯುವುದಿಲ್ಲ. ಆಗ ಬೇಕಿರುವುದು ಇನ್ನೊಂದು ಬಸ್ಸು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಜನ ಹೆಚ್ಚಿದ್ದಾರೆ ಎನ್ನುವುದು ಸುಳ್ಳಲ್ಲ. ಆದರೆ ಅವರು ಹತ್ತಿದ್ದು ತಪ್ಪಲ್ಲ, ಅವರಿಗೆ ತಕ್ಕಷ್ಟು ಬಸ್ಸು ಬಿಡದಿರುವುದು ತಪ್ಪು. ಅಷ್ಟು ದಿನ ನಾನು ಸೀಟಿನಲ್ಲಿದ್ದವರ ಮೇಲೆ ಸಿಟ್ಟಾಗಿದ್ದೆ. ಬಾರದ ಬಸ್ಸಿನ ಮೇಲೆ ಸಿಟ್ಟಾಗಬೇಕಿತ್ತು.

ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಹಳೇ ರಸ್ತೆಯಲ್ಲಿ ಎರಡು ಬಸ್ಸು ಹೆಚ್ಚು ಓಡಿದರೆ ನನ್ನ ಅಟೆಂಡೆನ್ಸೂ ಉಳಿಯುತ್ತದೆ, ಆ ಅಕ್ಕನ ಅರ್ಧ ದಿನದ ಸಂಬಳವೂ ಉಳಿಯುತ್ತದೆ. ಅಲ್ಲಿಯವರೆಗೆ ಅವರು ಸಿಕ್ಕ ದಿನ ನನ್ನ ಬ್ಯಾಗಿಗಾದರೂ ಸೀಟು ಗ್ಯಾರಂಟಿ. ನಾನು ಮಾತ್ರ ಈಗಲೂ ಫುಟ್‌ಬೋರ್ಡ್ ಮೇಲೇ!