ಅಜ್ಜಿಯ ಮೀನಖಂಡ ಅಳೆದಿದ್ದೀರಾ?

ನಿಮ್ಮ ಅಜ್ಜಿ ಸರಿಯಾಗಿ ಊಟ ಮಾಡ್ತಿದ್ದಾರಾ?
ಕೇಳಿದ್ರೆ "ಆಯ್ತಪ್ಪ, ಆಯ್ತು" ಅಂತಾರೆ.
ಒಂದು ಟೇಪು ತಗೊಳ್ಳಿ.

ಮೊಣಕಾಲಿನ ಕೆಳಗೆ,
ಮೀನಖಂಡ ತುಂಬಾ ದಪ್ಪಗಿರೋ ಕಡೆ ಸುತ್ತಿ.
ಬಿಗಿಯಬೇಡಿ.
31 ಸೆಂಟಿಮೀಟರ್‌ಗಿಂತ ಕಡಿಮೆ ಬಂತಾ?
ಪೋಷಣೆ ಸಾಲದೇ ಇರಬಹುದು ಅನ್ನೋ ಸೂಚನೆ ಅದು.
ಕಾಲು ಊದಿದ್ರೆ ಮಾತ್ರ ಈ ಅಳತೆ ನಂಬಬೇಡಿ.

ಕಾಲೇ ಯಾಕೆ?
ಸ್ನಾಯು ಅಂದ್ರೆ ದೇಹದ ಕಣಜ.
ಊಟ ಸಾಲದೇ ಹೋದಾಗ
ದೇಹ ಅಲ್ಲಿಂದಲೇ ಕಾಳು ತೆಗೆಯುತ್ತೆ.

ಯಾರ ಜೊತೆ ಇದ್ದಾರೆ ಅನ್ನೋದೂ ಮುಖ್ಯ.
ಒಂಟಿಯಾಗಿದ್ರೆ,
ಒಬ್ಬರಿಗೋಸ್ಕರ ಒಲೆ ಹಚ್ಚೋದ್ಯಾಕೆ ಅಂತ
ಚಹಾ, ಬನ್ನಿನಲ್ಲೇ ರಾತ್ರಿ ಮುಗಿಯಬಹುದು.
ವೃದ್ಧಾಶ್ರಮದಲ್ಲಿ ಹೊತ್ತಿಗೆ ಊಟ ಸಿಕ್ಕರೂ,
ರುಚಿ ಹಿಡಿಸದೇ ತಟ್ಟೆಯಲ್ಲೇ ಉಳಿಯಬಹುದು.

ತುಂಬಿದ ಮನೆ?
ಅಲ್ಲೂ, ಹಲ್ಲಿಲ್ಲದ ಬಾಯಿಗೆ
ಬರೀ ಅನ್ನ, ತಿಳಿಸಾರು ಸಾಕು ಅಂದ್ಕೋತೀವಿ.
ನನಗೆ ಹೆಚ್ಚು ನೋವಾಗೋದು ಇದಕ್ಕೇ.
ಮಸೆದ ಬೇಳೆ, ಮೊಸರು,
ತಿನ್ನೋರಾದ್ರೆ ಬೇಯಿಸಿದ ಮೊಟ್ಟೆ.
ಮೆತ್ತಗೂ ಇರುತ್ತೆ, ಪ್ರೋಟೀನೂ ಸಿಗುತ್ತೆ.

ಮೂರು ತಿಂಗಳಲ್ಲಿ
3 ಕೆಜಿಗಿಂತ ಹೆಚ್ಚು ತೂಕ ಇಳಿದಿದೆಯಾ?
"ವಯಸ್ಸಾಯ್ತಲ್ಲ" ಅಂತ ಬಿಡಬೇಡಿ.
ಈ ವಾರವೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ.